ಜ್ವರದ ಬಾಯಿಯೂ ಕಾಫಿಪುಡಿಯೂ

ನನ್ನ ದೊಡ್ಡ ಮೊಮ್ಮಗಳು ಹೊಟ್ಟೆಯಲ್ಲಿದ್ದಾಗಲೇ ಈ ಅಜ್ಜಿಯ ಮಾನ ಉಳಿಸಿದವಳು. ಎಷ್ಟು ಸಲ ಹೇಳಿದರೂ ನನಗೆ ಹಿಗ್ಗು ತೀರದು.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಪಕ್ಕ ನಮ್ಮದೊಂದು ಸಣ್ಣ ಹೋಟೆಲು. ಯಜಮಾನರು ಗಲ್ಲಾದಲ್ಲಿ, ನಾನು ಒಲೆಯ ಮುಂದೆ. ಕಾಫಿಪುಡಿ ಎಲ್ಲಿಂದ ತರಬೇಕೆಂಬುದು ಮಾತ್ರ ನನ್ನ ಅಧಿಕಾರ. ಬೀಜ ಹುರಿದು ಪುಡಿ ಮಾಡಿಕೊಡುವ ಸಣ್ಣ ಅಂಗಡಿಗಳು ಊರಲ್ಲಿ ಕೆಲವಿದ್ದವು. ಒಂದು ದಿನ ಚೆನ್ನಾಗಿ ಹುರಿಯುವುದು ಯಾರಿಗಾದರೂ ಬರುತ್ತದೆ. ಹೋದ ವಾರದ ರುಚಿಯೇ ಈ ವಾರವೂ ಬರಬೇಕಲ್ಲ, ಅದು ಕಷ್ಟ. ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದೆ. ಹಾಲು ಸಕ್ಕರೆ ಹಾಕದ ಡಿಕಾಕ್ಷನ್ನನ್ನು ಬಾಯಲ್ಲಿ ಹೊರಳಿಸಿ ನೋಡುತ್ತಿದ್ದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಪಾಸು ಫೇಲು ಮಾಡುವ ಭಾಗ್ಯ ಸಿಕ್ಕಿದ್ದು ಕಾಫಿಪುಡಿಯಲ್ಲಿ ಮಾತ್ರ.

ಆ ಬೇಸಿಗೆ ನನಗೆ ಟೈಫಾಯಿಡ್ ಬಂದು ಹೋಯಿತು. ಎದ್ದು ಬಂದು ನೋಡಿದರೆ, ಮೊದಲಿಂದ ತರುತ್ತಿದ್ದ ಅಂಗಡಿಯ ಪುಡಿಯೇ ಒಂದು ವಾರ ಸರಿ, ಇನ್ನೊಂದು ವಾರ ಕೌಟು ಹಿಡಿದ ಕೊಬ್ಬರಿ ಸುಟ್ಟ ಹಾಗೆ. ಯಜಮಾನರಿಗೆ ಕುಡಿಸಿದೆ.

“ಚೆನ್ನಾಗೇ ಐತಲ್ಲೇ! ಜ್ವರದಲ್ಲಿ ನಿನ್ ಬಾಯ್ರುಚಿ ಹೋಗೈತೆ ಕಣೇ.”

ಕೊಬ್ಬರಿ ವ್ಯಾಪಾರಿಗಳನ್ನು ಕೇಳಿದೆ. ಬೆಳಗಿನಿಂದ ಸಂಜೆವರೆಗೆ ಆ ರಾಶಿಯಲ್ಲೇ ಕೂರುವವರು, ಅಂಗಿಗೆಲ್ಲ ಅದೇ ವಾಸನೆ. “ಭೇಷಾಗೈತೆ ಬುಡವ್ವ” ಅಂದರು. ಹುರಿಯುವವನು ನಕ್ಕುಬಿಟ್ಟ: “ಅದೇ ಬೀಜ, ಅದೇ ಕೈ ಕಣಕ್ಕ. ನೀವು ಮೊದ್ಲು ಸುಧಾರಿಸ್ಕಳಿ.”

“ಇನ್ಮೇಲೆ ಪುಡಿ ನಾನೇ ನೋಡ್ಕಂತೀನಿ, ನೀನು ಚಟ್ನಿ ರುಬ್ಬು” ಅಂದರು ಯಜಮಾನರು. ನನಗೇ ನನ್ನ ನಾಲಿಗೆಯ ಮೇಲೆ ಅನುಮಾನ ಬಂತು. ಯಾರೂ ಇಲ್ಲದಾಗ ಬೆಲ್ಲ ನೆಕ್ಕಿದೆ, ಹುಣಿಸೆಹಣ್ಣು ಚೀಪಿದೆ. ಬೆಲ್ಲ ಸಿಹಿಯಾಗಿಯೇ ಇತ್ತು. ಆದರೂ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಹೊನ್ನವಳ್ಳಿಯ ಗಂಡನ ಮನೆಯಿಂದ ಮಗಳು ಬಂದಳು, ಚೊಚ್ಚಲ ಬಸುರಿ. ಕಾಫಿ ಲೋಟ ಮೂಗಿನ ಹತ್ತಿರ ಹೋಗಿದ್ದೇ ತಡ, ಚರಂಡಿಗೆ ಓಡಿದಳು.

“ಥೂ! ಏನವ್ವಾ ಇದು, ಕೌಟು ಕೊಬ್ಬರಿ ಸುಟ್ಟು ಹಾಕಿದ್ದೀಯಾ?”

ನಾನವಳಿಗೆ ಒಂದು ಮಾತೂ ಹೇಳಿರಲಿಲ್ಲ! ಅವಳು ವಾಂತಿ ಮಾಡಿಕೊಳ್ಳುತ್ತಿದ್ದರೆ ನಾನು ಬೆನ್ನು ನೀವುತ್ತಾ ನಗುತ್ತಿದ್ದೆ.

“ಇನ್ನೊಂದ್ಸಲ ಹೇಳೇ, ನಿಮ್ಮಪ್ಪನ ಕಿವಿಗೆ ಬೀಳ್ಲಿ!”

“ನಂಗೆ ಕರುಳು ಕಿತ್ಕಂಡು ಬತ್ತೈತೆ, ನಿಂಗೆ ನಗು!”

“ಬಸುರಿಗೆ ಯಾವ ವಾಸನೇನೂ ಆಗಲ್ಲ” ಅಂತ ಯಜಮಾನರು ಗೊಣಗಿದರು. ಆದರೂ ಹೆಗಲಿಗೆ ಟವೆಲ್ಲು ಹಾಕಿಕೊಂಡು ನನ್ನ ಜೊತೆ ಪುಡಿ ಅಂಗಡಿಗೆ ಹೊರಟರು.

ಅಂಗಡಿಯ ಹಿಂದೆ ಹುರಿಯುವ ಡ್ರಮ್ಮು ತಿರುಗುತ್ತಿತ್ತು. ಕೆಳಗೆ ಸೌದೆಯ ಬದಲು ಕೊಬ್ಬರಿ ಚಿಪ್ಪು ಉರಿಯುತ್ತಿತ್ತು. ರಾಶಿಯಿಂದ ಒಂದನ್ನು ಎತ್ತಿದೆ. ಒಳಗೆ ಕೆಟ್ಟ ಕೊಬ್ಬರಿ ಇನ್ನೂ ಅಂಟಿಕೊಂಡಿತ್ತು. ಬೆಂಕಿಗೆ ಎಸೆದೆ. ಚಟಚಟ ಎಂದು ಎಣ್ಣೆ ಕಾರಿ ಕಪ್ಪು ಹೊಗೆ ಎದ್ದು ಡ್ರಮ್ಮನ್ನೇ ಸುತ್ತಿಕೊಂಡಿತು.

ಹುರಿಯುವವನು ತಲೆ ಕೆರೆದುಕೊಂಡ. “ಸೌದೆಗಿಂತ ಕಾವು ಚೆನ್ನಾಗಿ ಬತ್ತದೆ ಅಂತ ತಂದೆ ಕಣಕ್ಕ. ಕ್ಲೀನಾಗಿರೋ ಚಿಪ್ಪು ಸಿಕ್ಕಿದ ವಾರ ಅದು, ಇಲ್ದಿದ್ರೆ ಇದು.”

ಒಂದು ವಾರ ಹಾಗೆ, ಒಂದು ವಾರ ಹೀಗೆ ಆಗಿದ್ದು ಅದಕ್ಕೇ! ಅವನು ಚಿಪ್ಪೆಲ್ಲ ಎಳೆದುಹಾಕಿ, ಸೌದೆ ಒಟ್ಟಿ, ನಮ್ಮೆದುರಿಗೇ ಹೊಸದಾಗಿ ಹುರಿದು ಪುಡಿ ಮಾಡಿಕೊಟ್ಟ. ಬಿಸಿಪುಡಿಯನ್ನು ಮೂಸಿದರೆ ಬರೀ ಕಾಫಿ, ಬೇರೇನಿಲ್ಲ.

ಮನೆಗೆ ಬಂದು ಆ ಪುಡಿಯ ಕಾಫಿ ಮಾಡಿ ಮಗಳಿಗೆ ಕೊಟ್ಟೆ. ಅವಳು ಮೂಸಿದಳು, ಹೆದರುತ್ತಾ ಒಂದು ಗುಟುಕು ಕುಡಿದಳು, ಆಮೇಲೆ ಲೋಟ ಕೆಳಗಿಡಲೇ ಇಲ್ಲ. ಯಜಮಾನರು ಅವಳನ್ನೇ ನೋಡುತ್ತಾ ನಿಂತಿದ್ದರು.

“ಪುಡಿ ನೀನೇ ನೋಡ್ಕಳೇ ತಾಯಿ” ಅಂದವರೇ, ತಾವೇ ಹೋಗಿ ರುಬ್ಬುಗುಂಡಿನ ಮುಂದೆ ಕೂತರು.