ಹಾಲಿನ ಪೆಟ್ಟಿಗೆಯ ಕೊಂಡಿ

ಕುರ್ಲಾ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಗಲ್ಲಿಯಲ್ಲಿ, ಒಂದು ಚಾಳಿನ ಮೆಟ್ಟಿಲ ಕೆಳಗೆ ಅಣವೀರಪ್ಪನವರ ಅಂಗಡಿ. ಬೆಳಗ್ಗೆ ಒಂಬತ್ತೂವರೆಗೆ ಅವರು ಹಳೆಯ ಸೂಟ್‌ಕೇಸುಗಳನ್ನು ಹೊರಗೆ ಜೋಡಿಸುತ್ತಿದ್ದಾಗ ಪ್ರಶಾಂತನ ಮೋಟಾರ್ ಸೈಕಲ್ ಬಂದು ನಿಂತಿತು. ಸೀಟಿನ ಹಿಂದಿನ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗೆ ಒಂದು ಹಳದಿ ದುಪಟ್ಟಾ ಸುತ್ತಿ ಗಂಟು ಹಾಕಿತ್ತು. ಅದನ್ನು ಕಂಡು ಅಣವೀರಪ್ಪನವರ ಮುಖ ಸಣ್ಣದಾಯಿತು. ಆ ಪೆಟ್ಟಿಗೆಯ ಕೊಂಡಿಯನ್ನು ಸೋಮವಾರ ರಿಪೇರಿ ಮಾಡಿ ಕಳಿಸಿದವರು ಅವರೇ.

ಸಿಂದಗಿ ಕಡೆಯಿಂದ ಇಪ್ಪತ್ತನೇ ವಯಸ್ಸಿಗೆ ಮುಂಬಯಿಗೆ ಬಂದವರು. ಎರಡು ವರ್ಷ ಕಟ್ಟಡದ ಕೆಲಸ, ಹದಿನಾಲ್ಕು ವರ್ಷ ಟ್ರಂಕು ಮಾಡುವ ಕಾರ್ಖಾನೆ. ಅದು ಮುಚ್ಚಿದ ಮೇಲೆ ಈ ಮೆಟ್ಟಿಲ ಕೆಳಗಿನ ಜಾಗ. ಈಗ ಅರವತ್ತೊಂದು ವರ್ಷ. ಮನೆ ಬಾಗಿಲಿನ ಬೀಗ ಅವರು ಮುಟ್ಟುವುದಿಲ್ಲ. ಜನ ಹೊತ್ತೊಯ್ಯುವ ಪೆಟ್ಟಿಗೆಗಳ ಬೀಗ, ಕೊಂಡಿ ಮಾತ್ರ ರಿಪೇರಿ, ಅದೂ ಪೆಟ್ಟಿಗೆ ತುಂಬಿಕೊಂಡೇ ತರಬೇಕು. ಖಾಲಿ ಪೆಟ್ಟಿಗೆ ಯಾವತ್ತೂ ಸರಿಯಾಗಿಯೇ ಮುಚ್ಚುತ್ತದೆ ಎಂಬುದು ಅವರ ವಾದ. ಊರಿಗೆ ಹೊರಟ ಹೆಂಗಸರು ಸೀರೆ, ಶೇಂಗಾ ಚಟ್ನಿ ತುಂಬಿದ ಸೂಟ್‌ಕೇಸನ್ನು ಬೈಯುತ್ತ ಹೊತ್ತು ತರುತ್ತಾರೆ. ಮಂದಿ ಗಂಟು ಬಿಚ್ಚಿ ನೋಡುವ ಚಟ ಈ ಮನುಷ್ಯನಿಗೆ ಎಂದು ಹೆಂಡತಿ ದಾನವ್ವ ಅಕ್ಕಪಕ್ಕದವರ ಮುಂದೆ ನಗುವುದುಂಟು.

ಸೋಮವಾರ ಆ ಪದ್ಧತಿ ತಪ್ಪಿತ್ತು. ಪ್ರಶಾಂತ ಪಕ್ಕದ ರಸ್ತೆಯ ಉಡುಪಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು, ಪರಿಚಯದವನು. ಪೆಟ್ಟಿಗೆ ಖಾಲಿ ತಂದಿದ್ದ. ಏನು ಒಯ್ಯುತ್ತೀ ಎಂದು ಕೇಳಿದ್ದಕ್ಕೆ ಮನೆ ಸಾಮಾನು ಎಂದು ಬೇರೆ ಕಡೆ ನೋಡಿದ್ದ. ಮಳೆ ಬರುವ ಹಾಗಿತ್ತು. ಅಣವೀರಪ್ಪ ಸ್ಪ್ರಿಂಗ್ ಬದಲಿಸಿದರು, ಕೊಂಡಿ ಟಕ್ಕೆಂದಿತು, ಕಳಿಸಿಬಿಟ್ಟರು.

‘ನಿನ್ನೆ ಗುಂಡಿಗೆ ಬಿದ್ದಾಗ ಮುಚ್ಚಳ ಹಾರಿತು ಅಣ್ಣ,’ ಎಂದ ಪ್ರಶಾಂತ. ‘ಇದ್ದದ್ದೆಲ್ಲ ರಸ್ತೆಗೆ ಹೋಯ್ತು.’

‘ಏನ ಇತ್ತೋ ತಮ್ಮಾ ಅದರಾಗ?’

ಪ್ರಶಾಂತ ಗಂಟು ಬಿಚ್ಚಿದ. ಒಳಗೆ ಥರ್ಮೊಕೋಲಿನ ಡಬ್ಬ. ಅದರೊಳಗೆ ಐಸಿನ ಪೊಟ್ಟಣಗಳ ನಡುವೆ ಬೆರಳುದ್ದದ ಮೂರು ಬಾಟಲಿಗಳು, ಒಂದೊಂದರಲ್ಲೂ ಅರ್ಧದಷ್ಟು ಹಾಲು. ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿತ್ತು: ಶ್ರೇಯಾ ಅವರ ಮಗು.

ಆಮೇಲೆ ಎಲ್ಲ ಹೇಳಿದ. ಮಗಳು ಏಳನೇ ತಿಂಗಳಿಗೇ ಹುಟ್ಟಿದ್ದಳು. ಹದಿನಾರು ದಿನದಿಂದ ಸಯನ್‌ನ ಆಸ್ಪತ್ರೆಯೊಂದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದ್ದಾಳೆ. ಹೆಂಡತಿ ಶ್ರೇಯಾಳಿಗೆ ಆಪರೇಷನ್ನಿನ ಗಾಯ ಮಾಯದೆ ಎದ್ದು ಓಡಾಡುವಂತಿಲ್ಲ. ದಹಿಸರಿನ ತಾಯಿ ಮನೆಯಲ್ಲಿ ಮಲಗಿದ್ದಾಳೆ. ಅವಳು ಹಿಂಡಿ ಕೊಟ್ಟ ಹಾಲನ್ನು ದಿನಕ್ಕೆ ಎರಡು ಸಲ ಇವನು ಒಯ್ಯುತ್ತಾನೆ. ನಿನ್ನೆ ಚೆಲ್ಲಿದ್ದು ಅವಳ ಇಡೀ ರಾತ್ರಿಯ ಹಾಲು. ಆಸ್ಪತ್ರೆಯವರು ಮಗುವಿಗೆ ಬೇರೆ ತಾಯಂದಿರು ಕೊಟ್ಟ ಹಾಲು ಕುಡಿಸಿದರು, ಅದರಿಂದೇನೂ ತೊಂದರೆಯಾಗಲಿಲ್ಲ. ಆದರೆ ಶ್ರೇಯಾಳಿಗೆ ಅವನು ಹೇಳಿರಲಿಲ್ಲ. ಅವಳ ಹಾಲು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಸುದ್ದಿ ಕೇಳಿದರೆ ಪೂರ್ತಿ ನಿಂತೇಹೋದೀತು ಎಂದು ಹೆದರಿ, ಪೆಟ್ಟಿಗೆಗೆ ಸುತ್ತಲು ಅವಳ ದುಪಟ್ಟಾವನ್ನೂ ಅವಳಿಗೆ ತಿಳಿಯದಂತೆ ತಂದಿದ್ದ.

‘ಸೋಮವಾರ ಯಾಕ ಹೇಳಲಿಲ್ಲ?’

‘ಹೆಂಗಸರ ವಿಷಯ ಅಲ್ವಾ ಅಣ್ಣ. ನಿಮ್ಮ ಎದುರು ಹೇಗೆ ಹೇಳುದು?’

ಅಣವೀರಪ್ಪ ಕೊಂಡಿಯ ಮೇಲೆ ಬೆರಳಾಡಿಸಿದರು. ‘ತಪ್ಪು ನಂದು,’ ಎಂದರು. ‘ನೀ ಹೇಳದಿದ್ರ ಏನಾತು, ನಾ ಕೇಳಬೇಕಿತ್ತು.’

ಹಾಲು ಹನ್ನೊಂದಕ್ಕೆ ಮುಟ್ಟಬೇಕಿತ್ತು. ಅವರು ಪೆಟ್ಟಿಗೆಯನ್ನು ತುಂಬಿದ ಹಾಗೆಯೇ ಮುಚ್ಚಿ, ಬಗ್ಗಿ, ಸಂದಿಗೆ ಟಾರ್ಚ್ ಹಿಡಿದರು. ಡಬ್ಬ ಅರ್ಧ ಬೆರಳು ಎತ್ತರವಾಗಿ ಮುಚ್ಚಳವನ್ನು ಒಳಗಿನಿಂದ ತಳ್ಳುತ್ತಿತ್ತು. ಅದನ್ನು ಹಿಡಿದಿಡಬೇಕಾದ ಕೊಂಡಿಯ ನಾಲಗೆ ತುದಿಯಷ್ಟೇ ಸಿಕ್ಕಿಕೊಂಡಿತ್ತು. ಡಬ್ಬದ ಮುಚ್ಚಳ ಕೆತ್ತಿ ತೆಳ್ಳಗೆ ಮಾಡೋಣವೇ ಎಂದು ಪ್ರಶಾಂತ ಕೇಳಿದ. ತಂಪು ಹೋಗುತ್ತದೆ, ಅದನ್ನು ಮುಟ್ಟಬೇಡ ಎಂದು ಅವರು ಹಳೆಯ ನಾಲಗೆಯನ್ನೇ ಕಿತ್ತರು. ಉಕ್ಕಿನ ಪಟ್ಟಿಯೊಂದನ್ನು ಕತ್ತರಿಸಿ, ಬಗ್ಗಿಸಿ, ಅರದಿಂದ ಉಜ್ಜಿ, ಹಳೆಯದಕ್ಕಿಂತ ಅರ್ಧ ಬೆರಳು ಉದ್ದದ ಹೊಸ ನಾಲಗೆ ಮಾಡಿ ಎರಡು ರಿವೆಟ್ ಹೊಡೆದರು. ಅಷ್ಟೂ ಹೊತ್ತು ಹಾಲಿನ ಡಬ್ಬ ಪ್ರಶಾಂತನ ತೊಡೆಯ ಮೇಲಿತ್ತು. ನಲವತ್ತು ನಿಮಿಷ ಹಿಡಿಯಿತು.

ಮತ್ತೆ ತುಂಬಿ ಮುಚ್ಚಿದಾಗ ಕೊಂಡಿ ಸದ್ದಿಲ್ಲದೆ ಕೂತಿತು. ಆದರೂ ಅಣವೀರಪ್ಪನವರಿಗೆ ಸಮಾಧಾನವಿಲ್ಲ. ಷಟರ್ ಎಳೆದು, ಲುಂಗಿ ಎತ್ತಿ ಕಟ್ಟಿ, ಹಿಂದಿನ ಸೀಟಿನ ಮೇಲೆ ಹತ್ತಿ ಕೂತರು.

‘ಹೋಗೋಣ ನಡಿ. ಗುಂಡಿ ತಪ್ಪಿಸಬ್ಯಾಡ, ಕೊಂಡಿ ತಡೀತೈತೇನ ನೋಡೂಣು.’

‘ಬೇಡ ಅಣ್ಣ, ನನ್ನಿಂದಾಗುದಿಲ್ಲ.’

‘ಮುಚ್ಚಳದ ಮ್ಯಾಲ ನನ್ನ ಕೈ ಇರತೈತಿ. ಮುಟ್ಟಂಗಿಲ್ಲ, ಬರೇ ಕಾಯತೀನಿ.’

ಸಯನ್ ಮುಟ್ಟುವ ತನಕ ಅವರು ಒಂದು ಕೈಯಲ್ಲಿ ಪ್ರಶಾಂತನ ಭುಜ ಹಿಡಿದು, ಇನ್ನೊಂದನ್ನು ಹಿಂದಕ್ಕೆ ಚಾಚಿ, ಮುಚ್ಚಳದಿಂದ ಎರಡು ಬೆರಳು ಮೇಲೆ ಅಂಗೈ ಅಡ್ಡ ಹಿಡಿದೇ ಕೂತಿದ್ದರು. ಆರು ಸ್ಪೀಡ್ ಬ್ರೇಕರ್, ಗುಂಡಿಗಳು ಎಣಿಕೆಗೆ ಸಿಗಲಿಲ್ಲ. ಮುಚ್ಚಳ ಒಮ್ಮೆಯೂ ಅಂಗೈಗೆ ತಾಗಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಪ್ರಶಾಂತ ಡಬ್ಬ ಎತ್ತಿಕೊಂಡು ಆಸ್ಪತ್ರೆಯ ಒಳಗೆ ಹೋದ. ಅಣವೀರಪ್ಪ ಗೇಟಿನ ಬಳಿ ಗಾಡಿ ಕಾಯುತ್ತ ಭುಜ ತಿಕ್ಕಿಕೊಂಡರು. ಅರ್ಧ ಗಂಟೆಗೆ ಅವನು ಬಂದು, ಸಿಸ್ಟರ್ ನಳಿಕೆಯಲ್ಲಿ ಎಂಟು ಎಂ.ಎಲ್. ಕೊಟ್ಟರು, ಪೂರ್ತಿ ಇಳಿಯಿತು ಎಂದ.

‘ಎಂಟು ಅಂದ್ರ ಎಷ್ಟಪಾ?’

‘ಒಂದೂವರೆ ಚಮಚ ಅಣ್ಣ.’

‘ಒಂದೂವರೆ ಚಮಚಕ್ಕ ಈ ಮುದುಕನ ರಟ್ಟಿ ಹೋತು,’ ಎಂದರು. ಹದಿನಾರು ದಿನಗಳಲ್ಲಿ ಪ್ರಶಾಂತ ಮೊದಲ ಸಲ ನಕ್ಕ. ನಕ್ಕವನು ಅಲ್ಲೇ ಗೇಟಿಗೆ ಒರಗಿ ನಿಂತು ಕಣ್ಣೊರೆಸಿಕೊಂಡ.

ಮನೆಯಲ್ಲಿ ನಿಜ ಹೇಳಿಬಿಡು, ಕುರ್ಲಾದ ಮುದುಕನೊಬ್ಬ ಖಾಲಿ ಪೆಟ್ಟಿಗೆ ನೋಡಿ ಮೋಸ ಹೋದ ಎಂದು ಹೇಳು, ಬೈಗುಳ ನನಗಿರಲಿ ಎಂದು ಅಣವೀರಪ್ಪ ಬಸ್ಸು ಹತ್ತಿದರು. ಪ್ರಶಾಂತ ದಹಿಸರಿನ ಕಡೆ ಗಾಡಿ ತಿರುಗಿಸಿದ. ಅಲ್ಲಿಂದ ಸಂಜೆಯ ಹಾಲು ಐದು ಗಂಟೆಗೆ ಹೊರಡುತ್ತದೆ.