ಅಮ್ಮ ನೇಯದ ಅಂಚು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದು ನಿಂತರೆ ನನಗೆ ಕೈಕಾಲು ಆಡುವುದಿಲ್ಲ. ಗಂಡನ ಮನೆ ಇಲ್ಲೇ ಹತ್ತಿರದ ಮಧುರೆ ಹಳ್ಳಿಯಲ್ಲಿ. ಅಲ್ಲಿ ರಾಗಿ ಹೊಲ, ಹಸು, ತಣ್ಣನೆ ಗಾಳಿ ಎಲ್ಲ ಉಂಟು. ಎರಡು ದಿನ ಕೂತರೆ ನನಗೆ ತಲೆ ಕೆಟ್ಟುಹೋಗುತ್ತದೆ. ಅಮ್ಮನಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ನೆಪ ಮಾಡಿಕೊಂಡು ಬಸ್ಸು ಹತ್ತಿ ತವರಿಗೆ ಬಂದುಬಿಡುತ್ತೇನೆ.

ನೆಪ ಅಂದೆನಲ್ಲ, ಆ ಎರಡು ವರ್ಷ ಮಾತ್ರ ನಿಜಕ್ಕೂ ಕೆಲಸವಿತ್ತು. ನನ್ನ ತಮ್ಮ, ಹಿತ್ತಲಿನ ಶೆಡ್ಡಿನ ವಿದ್ಯುತ್ ಮಗ್ಗಕ್ಕೆ ಏನೋ ಜೋಡಿಸುತ್ತಿದ್ದ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುವ ಸೀರೆ ನೇಯಲು ಅಡ್ಡನೂಲು ಹಾಯಿಸುವ ಲಾಳಿ ಮೂರು ಬೇಕು. ಕೈಮಗ್ಗದಲ್ಲಿ ಅಮ್ಮ ಅದನ್ನು ನೇಯುವಾಗ ಅಪ್ಪ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮ ಆ ಸೀರೆ ಬಿಟ್ಟರು, ಸಾದಾ ಸೀರೆಗೆ ಇಳಿದರು. ಮೂರು ಲಾಳಿಯನ್ನೂ ಮಗ್ಗವೇ ಎಸೆಯಬೇಕು ಎಂಬ ಹುಳ ತಮ್ಮನ ತಲೆಗೆ ಹೊಕ್ಕಿದ್ದು ಆಗಲೇ. ಗುಜರಿಯಿಂದ ಹಲ್ಲುಚಕ್ರ ತಂದ, ಬೆಂಗಳೂರಿನಿಂದ ಸರ್ಕ್ಯೂಟು ತಂದ, ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡ. ಎರಡು ವರ್ಷ ದಾರ ಹರಿದದ್ದೇ ಹರಿದದ್ದು. ಒಂದು ದಿನ ಹರಿಯಲಿಲ್ಲ. ಸುದ್ದಿ ಕೇಳಿ ಅಕ್ಕಪಕ್ಕದ ಐದು ಮನೆಯವರು ‘ನಮಗೂ ಒಂದು ಮಾಡ್ಕೊಡಪ್ಪಾ’ ಎಂದು ಬಂದರು. ಮಗ್ಗವನ್ನು ಗುಜರಿಗೆ ತೂಕಕ್ಕೆ ಹಾಕಲು ಹೊರಟಿದ್ದ ಮನೆಗಳು ಅವು.

ಆದರೆ ಆ ಥರದ ಅಂಚು ಕೈಮಗ್ಗಕ್ಕೇ ಮೀಸಲು. ವಿದ್ಯುತ್ ಮಗ್ಗದಲ್ಲಿ ನೇಯುವುದು ಅಪರಾಧ. ಈ ಕಾನೂನನ್ನು ಬೈಯಲು ನನಗೆ ಪೂರ್ತಿ ಬಾಯಿ ಬರುವುದಿಲ್ಲ. ಅದರ ಅನ್ನ ತಿಂದೇ ನಾವಿಬ್ಬರೂ ಬೆಳೆದದ್ದು. ನನ್ನ ಸಿಟ್ಟು ಬೇರೆ. ಬೀದಿಯಲ್ಲಿ ಈಗ ಉಳಿದಿರುವುದು ಅಮ್ಮನದೊಂದೇ ಕೈಮಗ್ಗ. ಅದೇ ಅಂಚಿನ ಮಿಲ್ಲಿನ ಸೀರೆ ಹೊರಗಿನಿಂದ ಲಾರಿಯಲ್ಲಿ ಬಂದು ಪೇಟೆಯ ಅಂಗಡಿಯಲ್ಲಿ ಥಳಥಳಿಸುತ್ತದೆ, ಕೇಳುವವರಿಲ್ಲ. ತಮ್ಮ ಮಾತ್ರ ಯೋಗ್ಯನ ಹಾಗೆ ಜವಳಿ ಇಲಾಖೆಯ ಕಚೇರಿಗೆ ಹೋಗಿ, ಪ್ರಯೋಗಕ್ಕಾದರೂ ಅನುಮತಿ ಕೊಡಿ ಎಂದ. ಈ ಮೇಜಿನವರು ಆ ಮೇಜಿಗೆ ಕಳಿಸಿದರು. ಅಂಥದ್ದಕ್ಕೆ ಅರ್ಜಿ ನಮೂನೆಯೇ ಇಲ್ಲ ಎಂದರು ಕೊನೆಯ ಮೇಜಿನವರು.

ನಮ್ಮ ಬೀದಿಗೊಂದು ಚಾಳಿಯಿದೆ. ಫೈಲು ಹಿಡಿದ ಅಪರಿಚಿತ ಮುಖ ತಿರುವಿನಲ್ಲಿ ಕಂಡರೆ ಮೊದಲ ಮನೆಯವರು ಸ್ವಿಚ್ಚು ಆರಿಸುತ್ತಾರೆ, ಅದು ಕೇಳಿ ಎರಡನೆಯವರು, ಆಮೇಲೆ ಮೂರನೆಯವರು. ಆ ಮಧ್ಯಾಹ್ನವೂ ಹಾಗೇ ಆಯಿತು. ಅನುಮತಿ ಇಲ್ಲದಿದ್ದರೂ ಓಡುತ್ತಿದ್ದ ಮಗ್ಗವನ್ನು ನನಗೆ ಒಪ್ಪಿಸಿ ತಮ್ಮ ನೂಲು ತರಲು ಹೋಗಿದ್ದ. ನಾನು ನಡುಮನೆಯಲ್ಲಿ, ಅಮ್ಮ ನೇಯುತ್ತಿದ್ದ ಕೈಮಗ್ಗದ ಪಕ್ಕ, ಅವನ ಮೊದಲ ಸೀರೆಯನ್ನು ಮಡಿಸುತ್ತಿದ್ದೆ. ಸದ್ದು ಒಂದೊಂದೇ ಮನೆಯಲ್ಲಿ ಅಡಗುತ್ತಾ ಬಂತು. ಸೀರೆಯನ್ನು ಚಾಪೆಯ ಮೇಲೆ ಬಿಟ್ಟು ಹಿತ್ತಲಿಗೆ ಓಡಿ ಮಗ್ಗ ನಿಲ್ಲಿಸಿದೆ. ಬುದ್ಧಿಗೇಡಿ ನಾನು! ಬಚ್ಚಿಡಬೇಕಾದದ್ದು ಸೀರೆಯನ್ನು.

ಬಂದವರು, ಅಮ್ಮ ಅರ್ಜಿ ಹಾಕಿದ್ದ ಕೈಮಗ್ಗ ನೇಕಾರರ ಗುರುತಿನ ಚೀಟಿಗಾಗಿ ಪರಿಶೀಲನೆ ಮಾಡುವ ಅಧಿಕಾರಿ. ಒಳ್ಳೆಯದಕ್ಕೇ ಬಂದಿದ್ದರು.

“ಯಾಕಮ್ಮ, ನಾನು ಬಂದೆ ಅಂತ ಬೀದೀನೇ ನಿಲ್ಲಿಸ್ಬಿಟ್ರಲ್ಲ? ಏನ್ ನೇಯ್ತಿದ್ರಿ?” ಎಂದು ನಕ್ಕರು. ನಗುತ್ತಲೇ ಕಣ್ಣು ಚಾಪೆಯ ಮೇಲೆ ಬಿತ್ತು. ಕೂತು ಸೀರೆ ಎತ್ತಿಕೊಂಡರು, ಅಂಚನ್ನು ಹಿಂದೆ ಮುಂದೆ ತಿರುಗಿಸಿದರು. ನಗು ಹೋಯಿತು.

“ಅಜ್ಜಿ, ಇದು ನೀವು ನೇಯ್ದಿದ್ದಾ?”

ಅಮ್ಮ ‘ಹೂಂ’ ಅಂದರೆ ಮುಗಿಯಿತು. ಮಗನ ಮಗ್ಗ ಉಳಿಯುತ್ತದೆ, ಅವರ ಚೀಟಿಯೂ ಆಗುತ್ತದೆ. ನಾನು ಅಧಿಕಾರಿಯ ಬೆನ್ನ ಹಿಂದೆ ನಿಂತು ಹೂಂ ಅನ್ನು, ಹೂಂ ಅನ್ನು ಎಂದು ತಲೆಯಾಡಿಸಿದೆ. ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಸೀರೆ ಈಸಿಕೊಂಡು, ಒಡಲು ಅಂಚು ಸೇರುವ ಗೆರೆಯ ಮೇಲೆ ಹೆಬ್ಬೆರಳು ಇಟ್ಟು ಉದ್ದಕ್ಕೂ ಎಳೆದರು. ಗೇಣು, ಮೊಳ, ಮಾರು. ಎಲ್ಲೂ ಬೆರಳು ತಡೆಯಲಿಲ್ಲ.

“ನಂದಲ್ಲ ಸಾರ್. ನನ್ನ ಕೈಲಿ ಅಂಚು ಇಷ್ಟು ಸಮ ಯಾವತ್ತೂ ಬಂದಿಲ್ಲ. ನನ್ನ ಮಗ ನೇಯ್ದಿರೋದು, ಹಿಂದ್ಗಡೆ ಮಗ್ಗದಲ್ಲಿ.”

ಅಧಿಕಾರಿ ಕೆಟ್ಟವರಲ್ಲ. “ನೀವು ಹೇಳಿದ ಮೇಲೆ ನಾನು ಕೇಳಿಲ್ಲ ಅನ್ನೋಕಾಗಲ್ಲ” ಎಂದು, ವಾರದೊಳಗೆ ಜೋಡಣೆ ಬಿಚ್ಚಿ ತೋರಿಸಬೇಕೆಂದು ಬರೆದುಕೊಟ್ಟು ಹೋದರು.

ತಮ್ಮ ಬಂದು ಓದಿದ. ಕೂಗಾಡುತ್ತಾನೆ ಎಂದುಕೊಂಡೆ, ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ನಾನೇ ತಡೆಯಲಾರದೆ ಅಮ್ಮನ ಮೇಲೆ ಹರಿಹಾಯ್ದೆ: “ಒಂದು ಹೂಂ ಅಂದಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು?”

“ಎರಡು ವರ್ಷ ಒದ್ದಾಡಿ ಅವನು ನೇಯ್ದಿದ್ದಾನೆ. ಅದನ್ನ ನಾನು ನೇಯ್ದೆ ಅಂತ ಯಾವ ಬಾಯಲ್ಲೇ ಹೇಳ್ಲಿ?” ಎಂದರು ಅಮ್ಮ.

ತಮ್ಮ ಆ ಕಡೆ ಮುಖ ತಿರುಗಿಸಿಕೊಂಡ. ಅಲ್ಲಿಯವರೆಗೆ ಅವನ ನೇಯ್ಗೆಯನ್ನು ಅಮ್ಮ ಒಂದು ದಿನವೂ ಹೊಗಳಿದವರಲ್ಲ. ಸ್ವಲ್ಪ ಹೊತ್ತಿಗೆ ಸ್ಪ್ಯಾನರು ತೆಗೆದುಕೊಂಡು ಶೆಡ್ಡಿಗೆ ಹೋದ. ಅಮ್ಮನೂ ಎದ್ದು ಹೋಗಿ, ಅವನು ಬಿಚ್ಚಿಕೊಟ್ಟ ಒಂದೊಂದು ಚಕ್ರವನ್ನೂ ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕುತ್ತಾ ಕೂತರು.