ಬೇಡವೆಂದವಳು ನಾನು

ಶಮೀಮಳ ಅಪ್ಪ ಬೇಡವೆನ್ನಲಿಲ್ಲ. ಅವರ ಹೆಸರಿನಲ್ಲಿ ಆ ಸುಳ್ಳು ಹೇಳಿದವಳು ನಾನು.

ಎಪ್ಪತ್ತರ ದಶಕದ ಕೊನೆ. ತುಮಕೂರಿನಲ್ಲಿ ನಾವಿಬ್ಬರೂ ಪಿಯುಸಿ ಓದುತ್ತಿದ್ದೆವು, ಖೋಖೋ ಆಡುತ್ತಿದ್ದೆವು. ಶಮೀಮ ಓಡಲು ನಿಂತರೆ ಹಿಡಿಯುವವರಿರಲಿಲ್ಲ. ಅವಳಪ್ಪ ಟೈಲರ್. ನಮ್ಮಿಬ್ಬರಿಗೂ ಒಂದೇ ಬಟ್ಟೆಯಲ್ಲಿ ಆಟದ ಪ್ಯಾಂಟು ಹೊಲಿದುಕೊಟ್ಟಿದ್ದರು — ಅಂಥ ಅಪ್ಪ.

ಜಿಲ್ಲಾ ತಂಡಕ್ಕೆ ಅವಳು ಆಯ್ಕೆಯಾದ ದಿನ ಜ್ವರ ಬಂದು ಕಾಲೇಜಿಗೆ ಬಂದಿರಲಿಲ್ಲ. ಸೋಮವಾರ ಹೊರಡಬೇಕೆಂದು ತಿಳಿಸಲು ಪಿ.ಟಿ. ಮೇಷ್ಟ್ರು ನನಗೆ ಹೇಳಿದರು. ನಾನು ತಿಳಿಸಲಿಲ್ಲ; ಅವಳು ಬರದಿದ್ದರೆ ಮುಂದಿನ ಹೆಸರು ನನ್ನದೇ. ಸೋಮವಾರ ಬಸ್ಸಿನ ಬಳಿ ನಾನೇ ಹೋಗಿ ನಿಂತೆ.

"ಎಲ್ಲಮ್ಮಾ ಶಮೀಮ?"

"ಅವರಪ್ಪ ಬೇಡ ಅಂದ್ಬಿಟ್ರು ಸಾರ್."

ಯಾರೂ ಮರುಪ್ರಶ್ನೆ ಕೇಳಲಿಲ್ಲ. "ಅವ್ರ ಮನೇಲಿ ಹಂಗೇ ಬಿಡಮ್ಮ, ನೀನೇ ಹತ್ತು" ಎಂದರು ಮೇಷ್ಟ್ರು. ಎಲ್ಲರೂ ನಂಬುತ್ತಾರೆಂದು ಗೊತ್ತಿದ್ದೇ ಆ ಸುಳ್ಳನ್ನು ಆರಿಸಿಕೊಂಡಿದ್ದೆ — ಇದು ಇನ್ನೂ ದೊಡ್ಡ ತಪ್ಪು. ವಾಪಸ್ಸು ಬಂದು ಶಮೀಮಳಿಗೆ, "ಸರ್ ನಿನ್ನ ಸೆಲೆಕ್ಟ್ ಮಾಡ್ಲಿಲ್ಲ ಕಣೇ" ಎಂದೆ. ಅವಳು ಮೈದಾನಕ್ಕೆ ಬರುವುದನ್ನೇ ಬಿಟ್ಟಳು. ನಾನು — ಬಿಡಲು ಬಿಟ್ಟೆ.

ಮುಂದೆ ಗುಬ್ಬಿಯ ಹೈಸ್ಕೂಲಿನಲ್ಲಿ ನಾನೇ ಪಿ.ಟಿ. ಟೀಚರಾದೆ. ಕಟ್ಟುನಿಟ್ಟಿನವಳು, ನ್ಯಾಯವಂತೆ ಎಂದೇ ನನ್ನನ್ನು ತಿಳಿದುಕೊಂಡಿದ್ದೆ. ಒಂದು ಸಂಜೆ, ನಮ್ಮ ತಂಡದಲ್ಲೇ ಎಲ್ಲರಿಗಿಂತ ಚುರುಕಾದ ಭಾಗ್ಯ ಕೇಳಿದಳು: "ಮಿಸ್, ನಾನ್ ಔಟಾದಾಗ್ಲೇ ನೀವು ಬೆನ್ನು ತಟ್ಟೋದು. ಚೆನ್ನಾಗಾಡಿದ್ರೆ ಬಯ್ತೀರ. ಯಾಕ್ ಮಿಸ್?"

ಗದರಲು ಬಾಯಿ ತೆರೆದೆ. ಗದರದೆ ಮೈದಾನದ ಅಂಚಿಗೆ ಹೋಗಿ ಕೂತೆ. ನನಗಿಂತ ಮುಂದೆ ಓಡುವವರನ್ನು ಕಂಡರೆ ಎದೆಯಲ್ಲೇಳುವ ಆ ಉರಿಗೆ ಇಷ್ಟು ವರ್ಷ ಶಿಸ್ತು ಎಂದು ಹೆಸರಿಟ್ಟಿದ್ದೆ. ಅದು ಹೊಟ್ಟೆಕಿಚ್ಚು. ಅಂದೂ ಅದೇ, ಇಂದೂ ಅದೇ.

ಭಾನುವಾರ ಕುಣಿಗಲ್ ಬಸ್ ಹತ್ತಿದೆ. ಶಮೀಮ ಮದುವೆಯಾಗಿ ಅಲ್ಲಿದ್ದಳು, ಅಪ್ಪನೂ ಅವಳೊಂದಿಗೇ ಇದ್ದರು. ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಆಕೆಯ ಅಪ್ಪ ಕನ್ನಡಕ ತೆಗೆದು, "ನಾನು ಬೇಡ ಅಂದೆ ಅಂತ ಹೇಳಿದ್ಯೇನಮ್ಮಾ?" ಎಂದಷ್ಟೇ ಕೇಳಿ ಒಳಗೆ ಹೋದರು. ಆ ದನಿ — ಬೇಡ, ಅದನ್ನು ಬರೆಯಲಾರೆ.

ಶಮೀಮ ಅಳುತ್ತಲೇ ನಕ್ಕಳು.

"ನಂಗೆ ಆಟ ಬರಲ್ಲ ಅಂತ್ಲೇ ಅಂದ್ಕೊಂಡಿದ್ದೆ ಕಣೇ ಇಷ್ಟ್ ವರ್ಷ. ಬರ್ತಿತ್ತು! ನಂಗೆ ಬರ್ತಿತ್ತು!"

ಕ್ಷಮಿಸಿದೆ ಎನ್ನಲಿಲ್ಲ. "ಮೇಷ್ಟ್ರಿಗೂ ಹೇಳು. ನಮ್ಮಪ್ಪನ ಹೆಸರು ಅವ್ರ ಹತ್ರ ಇನ್ನೂ ಕೆಟ್ಟೇ ಇದೆ" ಎಂದಳು. ಮರುದಿನವೇ ಶೆಟ್ಟಿಹಳ್ಳಿಯಲ್ಲಿದ್ದ ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ಅವರು ತಲೆ ತಗ್ಗಿಸಿದರು. ಅವರೇ ಕುಣಿಗಲ್ಲಿಗೆ ಹೋಗಿ ಆ ಅಪ್ಪನ ಕೈ ಹಿಡಿದುಕೊಂಡರಂತೆ.

ಆ ವರ್ಷ ಭಾಗ್ಯಳನ್ನು ನಾಯಕಿ ಮಾಡಿದೆ. ಜಿಲ್ಲಾ ಪಂದ್ಯದಲ್ಲಿ ಕೊನೆಯವರೆಗೂ ಅವಳನ್ನು ಯಾರಿಗೂ ಮುಟ್ಟಲಾಗಲಿಲ್ಲ. ನಾವು ಗೆದ್ದೆವು. ಹುಡುಗಿಯರು ಅವಳನ್ನು ಎತ್ತಿ ಕುಣಿಸುತ್ತಿದ್ದಾಗ ನನ್ನೆದೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ಈ ಸಲ ಅದರ ಗುರುತು ಸಿಕ್ಕಿತು. ಬಂದೆಯಾ, ಎಂದುಕೊಂಡೆ — ಮತ್ತು ಗಂಟಲು ಕಟ್ಟುವವರೆಗೂ ಭಾಗ್ಯಳ ಹೆಸರು ಕೂಗಿದೆ.